ನಾಲ್ಕು ಇಂಚಿನ ಹುಚ್ಚು

ಬ್ಲಾಗಿಗೆ ಧೂಳು ಹಿಡಿದು ಎಷ್ಟೋ ತಿಂಗಳಾಯ್ತು. ಇವತ್ತು ಬರೀಲೇಬೇಕು ಅಂತ ಕೂತಿದ್ದೀನಿ, ಯಾಕಂದ್ರೆ ಹೊಟ್ಟೆಯೊಳಗಿನ ಸಿಟ್ಟು ಇಳೀತಾನೇ ಇಲ್ಲ. ಕವನ, ಪ್ರವಾಸ ಕಥನ, ಅಜ್ಜಿ ಮಾಡ್ತಿದ್ದ ಹುರುಳಿಕಾಳಿನ ಸಾರು ಇವನ್ನೆಲ್ಲ ಓದೋಕೆ ಈ ಕಡೆ ಬಂದವರು ಕ್ಷಮಿಸಿ. ಇವತ್ತಿನ ವಿಷಯ ಕಮಾನ್ ಪಟ್ಟಿ, ಶಾಕಲ್ಲು, ಬ್ರೇಕು. ಆದ್ರೂ ಕೊನೇವರೆಗೂ ಓದಿ. ನಿಮ್ಮೂರಲ್ಲೂ ಇಂಥ ಒಂದು ಗಾಡಿ ಇದ್ದೇ ಇರುತ್ತೆ.

ಮೊನ್ನೆ ಬ್ಲಾಗ್ ಗೆಳೆಯರೊಬ್ಬರು ಒಂದು ಹಳೇ ಫೋರ್ ವೀಲ್ ಪಿಕಪ್ಪಿನ ಫೋಟೋ ಹಾಕಿ, ಅದನ್ನ ಎತ್ತರಿಸಿದ ಕಥೆಯನ್ನ ರಸವತ್ತಾಗಿ ಬರೆದಿದ್ದರು. ಆಳೆತ್ತರಕ್ಕೆ ಎದ್ದು ನಿಂತ ಗಾಡಿ, ದಪ್ಪ ಟೈರು, ಪಕ್ಕದಲ್ಲಿ ಕೈಕಟ್ಟಿ ನಿಂತ ಮಾಲೀಕ. ಓದಿದವರೆಲ್ಲ ಎಷ್ಟಾಯ್ತು, ಎಲ್ಲಿ ಮಾಡ್ಸಿದ್ರಿ ಅಂತ ಕೇಳಿದ್ದೇ ಕೇಳಿದ್ದು. ಎತ್ತರಿಸಿದ ಮೇಲೆ ಬ್ರೇಕು ಹೆಂಗಿದೆ ಅಂತ ಒಬ್ಬರೂ ಕೇಳಿರಲಿಲ್ಲ. ಅವರನ್ನ ಬೈಯೋ ಹಕ್ಕು ನನಗಿಲ್ಲ. ಎರಡು ವರ್ಷದ ಹಿಂದೆ ನಾನೂ ಕೇಳಿರಲಿಲ್ಲ.

ನಮ್ಮೂರು ಬಿಳಿಗೆರೆ. ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆ. ಕಪಿಲೆಯ ದಯೆಯಿಂದ ಭತ್ತ, ಕಬ್ಬು, ಬಾಳೆ. ಬೆಟ್ಟ ನೋಡಬೇಕು ಅಂದ್ರೆ ಚಾಮುಂಡಿ ಬೆಟ್ಟದ ಕಡೆ ತಿರುಗಬೇಕು, ಅದಕ್ಕೂ ದೇವಸ್ಥಾನದ ಬಾಗಿಲವರೆಗೆ ಡಾಂಬರು ರಸ್ತೆ ಇದೆ :) ಇಂಥ ಊರಲ್ಲಿ ಫೋರ್ ವೀಲ್ ಡ್ರೈವ್ ಯಾಕಪ್ಪಾ ಅಂತ ಪಟ್ಟಣದವರು ನಗಬಹುದು. ಮಳೆಗಾಲದಲ್ಲಿ ಬನ್ನಿ, ಗೊತ್ತಾಗುತ್ತೆ. ಎರೆಮಣ್ಣು ನೆನೆದರೆ ಚಪ್ಪಲಿಗೆ ಎರಡು ಕೆಜಿ ಅಂಟುತ್ತೆ. ನಾಟಿ ಗದ್ದೆಯ ಪಕ್ಕದ ಬಂಡಿ ಜಾಡಿನಲ್ಲಿ ಎರಡು ಚಕ್ರ ತಿರುಗಿದರೆ ಗಾಡಿ ಅಲ್ಲೇ ಕೂರುತ್ತೆ, ನಾಲ್ಕೂ ತಿರುಗಿದರೆ ಹೊರಕ್ಕೆ ಬರುತ್ತೆ. ಹಂಗಾಗಿ ಫೋರ್ ವೀಲ್ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಎತ್ತರದ ಬಗ್ಗೆ.

ನನ್ನ ಚಿಕ್ಕಪ್ಪನ ಮಗ, ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಒಂದು ಹಳೇ ಮಹೀಂದ್ರ ಫೋರ್ ವೀಲ್ ಪಿಕಪ್ಪು ಇಟ್ಟಿದ್ದಾನೆ. ಮುಂದೆ ಹಿಂದೆ ಎರಡೂ ಕಡೆ ಕಮಾನ್ ಪಟ್ಟಿ. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪು ಜೋಡಿಸೋಕೆ ಶುರು ಮಾಡಿದ ಕಾಲದಿಂದ ಬಂದ ಸರಳ ವ್ಯವಸ್ಥೆ ಅದು. ಒಂದು ಗಟ್ಟಿ ಆಕ್ಸಲ್ಲು, ಎರಡು ಬಿಲ್ಲು, ನಾಲ್ಕು ಯು ಬೋಲ್ಟು. ಹಳ್ಳಿ ಮೇಸ್ತ್ರಿ ಮರದ ನೆರಳಲ್ಲಿ ಬಿಚ್ಚಿ ಕಟ್ಟಬಹುದು. ಆ ಸರಳತೆಯೇ ಅದರ ಗುಣ, ಅದೇ ಅದರ ಶಾಪ ಕೂಡ. ಯಾರು ಬೇಕಾದ್ರೂ ಕೈ ಹಾಕಬಹುದು ನೋಡಿ.

ಅವನಿಗೆ ಎತ್ತರಿಸಿದ ಗಾಡಿಯ ವಿಡಿಯೋ ಮೊದಲು ಕಳಿಸಿದ್ದು ನಾನೇ. ಮೈಸೂರಲ್ಲಿ ಕೂತು, ಕಾಫಿ ಕುಡೀತಾ, 'ನೋಡೋ ನಿನ್ ಗಾಡಿನೂ ಹಿಂಗೆ ಆಗ್ಬೇಕು' ಅಂತ. ವಾರ ಕಳೆಯೋದರಲ್ಲಿ ಫೋನು ಬಂತು.

"ಅಣ್ಣ, ನಾಲ್ಕಿಂಚು ಎತ್ತುಸ್ಬುಟ್ರೆ ನಮ್ ಸೀಮೇಲಿ ಇಂಥ ಗಾಡಿನೇ ಇರಕಿಲ್ಲ ಕಣಣ್ಣ. ಹದಿನೈದು ಸಾವ್ರ ಕಮ್ಮಿ ಬಿದ್ದದೆ."

ಹದಿನೈದು ಸಾವಿರ ಕಳಿಸಿದೆ. ಆದ್ದರಿಂದ ಈ ಬರಹದಲ್ಲಿ ಬೈಗುಳ ಯಾರ ಮೇಲೆ ಬಿದ್ದರೂ ಅದರಲ್ಲಿ ಅರ್ಧ ಪಾಲು ನನ್ನದು, ಮೊದಲೇ ಹೇಳಿಬಿಟ್ಟಿದ್ದೀನಿ.

ಯಾವ ಶೆಡ್ಡಿನಲ್ಲಿ ಮಾಡಿಸಿದ ಅಂತ ಹೇಳಲ್ಲ, ಹೇಳಿ ಪ್ರಯೋಜನವೂ ಇಲ್ಲ. ಒಂದು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಇರುತ್ತೆ. ಮಾಡಿದ್ದೇನು ಅಂತ ಮಾತ್ರ ಹೇಳ್ತೀನಿ. ಹಿಂದಿನ ಕಮಾನಿಗೂ ಆಕ್ಸಲ್ಲಿಗೂ ನಡುವೆ ಒಂದೊಂದು ಕಬ್ಬಿಣದ ಬ್ಲಾಕು ಕೂರಿಸಿದರು. ಮೇಲೆ ಒಂದು ಪಟ್ಟಿ ಹೆಚ್ಚಿಗೆ. ಮುಂದಕ್ಕೆ ಎರಡು ಪಟ್ಟಿ ಹೆಚ್ಚಿಗೆ, ಜೊತೆಗೆ ಉದ್ದನೆಯ ಶಾಕಲ್ಲು. ಶಾಕಲ್ ಲೆಕ್ಕ ಸುಲಭ, ಅದನ್ನ ಎರಡಿಂಚು ಉದ್ದ ಮಾಡಿದರೆ ಗಾಡಿ ಹೆಚ್ಚೂಕಮ್ಮಿ ಒಂದಿಂಚು ಏಳುತ್ತೆ. ಒಂದೇ ದಿನದ ಕೆಲಸ. ಬಿಲ್ಲು ಇಲ್ಲ, ಚೀಟಿ ಇಲ್ಲ. ಸಂಜೆ ಅವನು ಕಳಿಸಿದ ಫೋಟೋ ನೋಡಿ ನಾನು ಎದೆಯುಬ್ಬಿಸಿಕೊಂಡು ಆಫೀಸಿನಲ್ಲಿ ನಾಲ್ಕು ಜನಕ್ಕೆ ತೋರಿಸಿದೆ.

ಈಗ ಮೊದಲನೇ ಸುಳ್ಳಿಗೆ ಬರೋಣ. 'ಗಾಡಿ ಎತ್ತರಿಸಿದ್ರೆ ಕಲ್ಲು ದಿಣ್ಣೆ ತಗಲಲ್ಲ' ಅಂತಾರೆ. ಗಟ್ಟಿ ಆಕ್ಸಲ್ಲಿನ ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರ ಇರೋದು ಯಾವುದು? ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡು. ಅದು ಯಾವುದರ ಮೇಲೆ ನಿಂತಿದೆ? ಟೈರಿನ ಮೇಲೆ. ನೀವು ಪಟ್ಟಿ ಹಾಕಿ, ಬ್ಲಾಕು ಹಾಕಿ, ಶಾಕಲ್ ಹಾಕಿ, ಮೇಲಕ್ಕೆ ಹೋಗೋದು ಚಾಸಿ, ಇಂಜಿನ್ನು, ತೊಟ್ಟಿ ಮತ್ತು ಡ್ರೈವರನ ಜಂಬ. ಆ ಗುಂಡು ಇದ್ದ ಜಾಗದಲ್ಲೇ ಇರುತ್ತೆ, ಕಾಲಿಂಚು ಕೂಡ ಮೇಲೇಳಲ್ಲ. ಅದನ್ನ ಎತ್ತರಿಸೋಕೆ ಇರೋದು ದೊಡ್ಡ ಟೈರು ಮಾತ್ರ. ಅದರಲ್ಲೂ ಟೈರು ಎರಡಿಂಚು ದೊಡ್ಡದಾದರೆ ಗುಂಡಿಗೆ ಸಿಗೋದು ಒಂದೇ ಇಂಚು. ನಾಲ್ಕಿಂಚಿಗೆ ದುಡ್ಡು ಕೊಟ್ಟು, ಹಳೇ ಟೈರಿನಲ್ಲೇ ಮನೆಗೆ ಬಂದ ನನ್ನ ತಮ್ಮನಿಗೆ ನಮ್ಮೂರ ಬಂಡಿ ಜಾಡಿನ ನಡುದಿಣ್ಣೆಯ ಮೇಲೆ ಸಿಕ್ಕ ಲಾಭ ಸೊನ್ನೆ.

ಹಂಗಂತ ಎತ್ತರಿಸೋದರಿಂದ ಏನೂ ಉಪಯೋಗವಿಲ್ಲ ಅಂದ್ರೆ ಅದೂ ಸುಳ್ಳಾಗುತ್ತೆ. ಕಡಿದಾದ ದಿಣ್ಣೆ ಹತ್ತುವಾಗ ಬಂಪರು ನೆಲಕ್ಕೆ ತಗಲೋದು ತಪ್ಪುತ್ತೆ, ಏರಿ ದಾಟುವಾಗ ಹೊಟ್ಟೆ ಉಜ್ಜೋದು ಕಮ್ಮಿಯಾಗುತ್ತೆ, ದೊಡ್ಡ ಟೈರಿಗೆ ಜಾಗ ಸಿಗುತ್ತೆ. ಮಡಿಕೇರಿ, ಸಕಲೇಶಪುರದ ಎಸ್ಟೇಟುಗಳ ಒಳದಾರಿ ನೋಡಿದವರಿಗೆ ಇದು ಗೊತ್ತು. ಅಲ್ಲಿ ಬಂಡೆ ಇದೆ, ಕೊರಕಲು ಇದೆ. ನಮ್ಮಲ್ಲಿ ಇರೋದು ಕೆಸರು. ಕೆಸರಿಗೆ ಬೇಕಾದ್ದು ಹಿಡಿತ, ಎತ್ತರ ಅಲ್ಲ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಅದು ಅಗಲವಾಗಿ ಕೂತು, ಲೋ ಗೇರಿನಲ್ಲಿ ನಿಧಾನ ಹೋದರೆ ಆಗೋ ಕೆಲಸವನ್ನ ನಾಲ್ಕಿಂಚಿನ ಬ್ಲಾಕು ಮಾಡಲ್ಲ. ಗಾಳಿ ಇಳಿಸೋಕೆ ಒಂದು ಕಡ್ಡಿ ಸಾಕು, ಕಾಸೂ ಖರ್ಚಿಲ್ಲ. ರಸ್ತೆಗೆ ಬಂದ ಮೇಲೆ ಮತ್ತೆ ಗಾಳಿ ತುಂಬಿಸಬೇಕು ಅಷ್ಟೆ. ಆದರೆ ಅದನ್ನ ಫೋಟೋ ತೆಗೆದು ಹಾಕೋಕಾಗಲ್ಲವಲ್ಲ.....

ಎರಡನೇ ಸುಳ್ಳು, 'ಪಟ್ಟಿ ಹಾಕೋದು ಅಷ್ಟೇ, ಬೇರೆ ಏನೂ ಮುಟ್ಟಲ್ಲ' ಅನ್ನೋದು. ಮುಟ್ಟದೇ ಇರೋದೇ ತಪ್ಪು! ಚಾಸಿಗೂ ಆಕ್ಸಲ್ಲಿಗೂ ನಡುವೆ ಏನೇನು ಓಡಾಡುತ್ತೆ ಅಂತ ಒಮ್ಮೆ ಕೆಳಗೆ ಬಗ್ಗಿ ನೋಡಿ. ಜಾಯಿಂಟ್ ಶಾಫ್ಟು ಇದೆ. ಚಾಸಿ ಮೇಲೆದ್ದರೆ ಅದರ ಓರೆ ಹೆಚ್ಚುತ್ತೆ, ಕ್ರಾಸುಗಳು ಗರಗರ ಅಂತ ಸವೆಯುತ್ತವೆ. ಶಾಕಬ್ಸಾರ್ಬರ್ ಇದೆ. ಹಳೇ ಉದ್ದದ್ದನ್ನೇ ಬಿಟ್ಟರೆ ಗುಂಡಿ ಬಂದಾಗ ಅದೇ ಹಗ್ಗದ ಥರ ಬಿಗಿದು ಆಕ್ಸಲ್ಲನ್ನ ಹಿಡಿಯುತ್ತೆ. ಬ್ರೇಕ್ ಎಣ್ಣೆಯ ರಬ್ಬರ್ ಪೈಪು ಇದೆ. ಚಕ್ರ ಗುಂಡಿಗೆ ಇಳಿದಾಗ ಅದು ಎಳೆದುಕೊಂಡು ತಂತಿ ಆಗುತ್ತೆ, ಒಂದು ದಿನ ಹರಿಯುತ್ತೆ. ಸ್ಟೇರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗೋ ರಾಡು ಇದೆ. ಅದು ಮಟ್ಟವಾಗಿದ್ದಷ್ಟೂ ಒಳ್ಳೇದು. ಓರೆಯಾದರೆ ಗುಂಡಿ ಬಿದ್ದಾಗೆಲ್ಲ ನೀವು ತಿರುಗಿಸದೇ ಗಾಡಿ ತಾನಾಗಿ ತಿರುಗುತ್ತೆ.

ಶಾಕಲ್ ಬಂಪರ್ ಕಡೆಗಿರೋ ಗಾಡಿಗಳಲ್ಲಿ ಉದ್ದ ಶಾಕಲ್ ಹಾಕಿದರೆ ಇನ್ನೊಂದು ತೊಂದರೆ ಇದೆ. ಆಕ್ಸಲ್ ಮುಂದಕ್ಕೆ ಮುಗ್ಗರಿಸಿದ ಹಾಗೆ ತಿರುಗಿ, ಕಿಂಗ್ ಪಿನ್ನಿನ ತಲೆ ಮುಂದಕ್ಕೆ ಬಾಗುತ್ತೆ. ಸೈಕಲ್ಲಿನ ಮುಂದಿನ ಫೋರ್ಕು ಓರೆ ಇರೋದರಿಂದಲೂ ಅದು ಕೈಬಿಟ್ಟರೂ ನೇರ ಹೋಗೋದು, ಗೊತ್ತಲ್ಲ? ಆ ಓರೆಯೇ ಇಲ್ಲಿ ಕಮ್ಮಿಯಾಗೋದು. ತಿರುವು ಮುಗಿದ ಮೇಲೆ ಸ್ಟೇರಿಂಗು ತಾನಾಗಿ ವಾಪಸ್ ಬರಲ್ಲ, ನೇರ ರಸ್ತೆಯಲ್ಲೂ ಕುಡಿದವನ ಹಾಗೆ ಅಲೆಯುತ್ತೆ. ತಮ್ಮ ಮೊದಲ ವಾರವೇ ಹೇಳಿದ್ದ, "ಅಣ್ಣ, ಟೇರಿಂಗು ಒಂಥರಾ ಹಗುರ ಆಗದೆ ಕಣಣ್ಣ." ನಾನು 'ಪವರ್ ಸ್ಟೇರಿಂಗ್ ಥರ ಆಯ್ತು ಬಿಡು' ಅಂತ ಜೋಕು ಮಾಡಿದ್ದೆ.

ಇವೆಲ್ಲಕ್ಕಿಂತ ದೊಡ್ಡದು, ನಮಗೆ ಯಾರಿಗೂ ಗೊತ್ತಿಲ್ಲದ್ದು, ಒಂದು ಸಣ್ಣ ವಾಲ್ವು. ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲ್ಲಿನ ಮೇಲ್ಗಡೆ ಚಾಸಿಗೆ ಇದನ್ನ ಕೂರಿಸಿರ್ತಾರೆ. ಲೋಡ್ ಸೆನ್ಸಿಂಗ್ ವಾಲ್ವ್ ಅಂತ ಹೆಸರು. ಅದರಿಂದ ಒಂದು ಕಡ್ಡಿ ಆಕ್ಸಲ್ಲಿಗೆ ಹೋಗಿರುತ್ತೆ. ಕೆಲಸ ಇಷ್ಟೇ. ಲೋಡು ತುಂಬಿದರೆ ಚಾಸಿ ಆಕ್ಸಲ್ ಹತ್ತಿರಕ್ಕೆ ಇಳಿಯುತ್ತೆ, ಆಗ ಹಿಂದಿನ ಚಕ್ರಕ್ಕೆ ಬ್ರೇಕು ಪೂರ್ತಿ ಬಿಡುತ್ತೆ. ಗಾಡಿ ಖಾಲಿ ಇದ್ದರೆ ಚಾಸಿ ಮೇಲಿರುತ್ತೆ, ಆಗ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಿ ನಿಲ್ಲಬಾರದು ಅಂತ ಹಿಂದಿನ ಬ್ರೇಕು ಕಮ್ಮಿ ಮಾಡುತ್ತೆ. ಅದು ಭಾರವನ್ನ ತೂಗೋದಿಲ್ಲ, ನಡುವಿನ ಅಂತರವನ್ನ ನೋಡುತ್ತೆ ಅಷ್ಟೆ. ಈಗ ನೀವು ನಾಲ್ಕಿಂಚು ಎತ್ತರಿಸಿ, ಆ ಕಡ್ಡಿಯನ್ನ ಹಂಗೇ ಬಿಟ್ಟರೆ ಏನಾಗುತ್ತೆ? ತೊಟ್ಟಿ ತುಂಬ ಲೋಡಿದ್ದರೂ ಆ ವಾಲ್ವು ಗಾಡಿ ಖಾಲಿ ಅಂತಲೇ ನಂಬಿರುತ್ತೆ. ಹಿಂದಿನ ಬ್ರೇಕು ಕೊಡಲ್ಲ.

ಹೋದ ವರ್ಷ ಆಗಸ್ಟ್ ತಿಂಗಳು, ನಾಟಿ ಸಮಯ. ನಮ್ಮ ಕಡೆ ನಾಟಿಗೆ ಹೋಗೋ ಹೆಂಗಸರನ್ನ ಬೆಳಗಿನ ಜಾವ ಇಂಥ ಗಾಡಿಗಳಲ್ಲೇ ಕರ್ಕೊಂಡು ಹೋಗೋದು, ಸಂಜೆ ವಾಪಸ್ ಬಿಡೋದು. ತಪ್ಪು ಅಂತ ಎಲ್ಲರಿಗೂ ಗೊತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯ್ತು, ಸಂತೋಷ. ಆದರೆ ಗದ್ದೆ ಬದುವಿಗೆ ಯಾವ ಬಸ್ಸು ಬರುತ್ತೆ ಹೇಳಿ?

ಅವತ್ತು ಸಂಜೆ ತೊಟ್ಟಿಯಲ್ಲಿ ಹದಿನಾಲ್ಕು ಜನ ಹೆಂಗಸರು, ಹಿಂದೆ ಉಳಿದ ಸಸಿ ಕಟ್ಟು, ಅನ್ನದ ಡಬ್ಬಿ. ಮಧ್ಯಾಹ್ನ ಮಳೆ ಬಂದು ನಾಲೆ ಏರಿ ಜಾರ್ತಾ ಇತ್ತು. ಏರಿಯಿಂದ ಇಳಿಯೋ ಕಡೆ ಎದುರಿಗೆ ಒಂದು ಎತ್ತಿನ ಗಾಡಿ ಬಂತು. ತಮ್ಮ ಬ್ರೇಕು ಒತ್ತಿದ. ಹಿಂದಿನ ಚಕ್ರ ಹಿಡೀಲಿಲ್ಲ. ಪೂರಾ ಕೆಲಸ ಮುಂದಿನ ಚಕ್ರದ ಮೇಲೆ ಬಿದ್ದು ಅವು ಕೆಸರಲ್ಲಿ ಲಾಕ್ ಆದವು. ಲಾಕ್ ಆದ ಚಕ್ರ ಸ್ಟೇರಿಂಗ್ ಮಾತು ಕೇಳಲ್ಲ. ಗಾಡಿ ನೇರ ಜಾರಿತು, ಎಡಗಡೆ ಚಕ್ರ ಏರಿಯ ಅಂಚು ಬಿಟ್ಟಿತು, ನಿಧಾನಕ್ಕೆ, ತುಂಬಾ ನಿಧಾನಕ್ಕೆ ವಾಲಿತು ಅಂತಾನೆ ತಮ್ಮ. ಗದ್ದೆ ಕಡೆಗೆ ವಾಲಿತ್ತು, ನಾಲೆ ಕಡೆಗಲ್ಲ. ಒಂದು ಹೊಂಗೆ ಮರ ಅಡ್ಡ ಸಿಕ್ಕಿ ಅದಕ್ಕೆ ಒರಗಿ ನಿಂತಿತು. ಬಲಗಡೆ ಹಿಂದಿನ ಚಕ್ರ ಗಾಳಿಯಲ್ಲಿ ತಿರುಗ್ತಾ ಇತ್ತಂತೆ.

ಬಲಕ್ಕೆ ಜಾರಿದ್ದರೆ? ತುಂಬಿದ ನಾಲೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತಿದ್ದು ನಮ್ಮ ಸೀಮೆಯಲ್ಲಿ ಯಾರೂ ಮರೆತಿಲ್ಲ. ಆ ಬಸ್ಸಿಗೂ ಈ ಎತ್ತರಕ್ಕೂ ಸಂಬಂಧವಿಲ್ಲ, ಆದರೆ ನಾಲೆ ಏನು ಮಾಡುತ್ತೆ ಅನ್ನೋದಕ್ಕೆ ಬೇರೆ ಉದಾಹರಣೆ ಬೇಕಾ?

ಹದಿಮೂರು ಜನಕ್ಕೆ ತರಚು ಗಾಯ. ನಮ್ಮ ಹಿಂದಿನ ಬೀದಿಯ ಒಬ್ಬ ಅವ್ವನಿಗೆ ಬಲಗೈ ಮುರಿಯಿತು. ನಾಟಿ ಹಾಕೋ ಕೈ ಅದು. ಆ ಹಂಗಾಮು ಪೂರ್ತಿ ಕೂಲಿ ಹೋಯ್ತು.

ಮಾರನೇ ದಿನ ನಾನು ಊರಿಗೆ ಓಡಿದೆ. ನಂಜನಗೂಡಿನಿಂದ ಒಬ್ಬ ಹಳೇ ಮೇಸ್ತ್ರಿಯನ್ನ ಕರೆಸಿದೆವು. ಅವರು ಗೋಣಿಚೀಲ ಹಾಸಿಕೊಂಡು ಕೆಳಗೆ ನುಸುಳಿ, ಐದು ನಿಮಿಷಕ್ಕೆ ಹೊರಗೆ ಬಂದು, ಬೀಡಿ ಹಚ್ಚಿ ಕೇಳಿದ್ದು ಒಂದೇ ಮಾತು. "ಈ ವಾಲ್ವ್ ಕಡ್ಡಿ ಯಾಕೆ ಯಾರೂ ಮುಟ್ಟಿಲ್ಲ?" ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಂಥದ್ದೊಂದು ಕಡ್ಡಿ ಇದೆ ಅಂತ ಗೊತ್ತಾಗಿದ್ದೇ ಅವತ್ತು.

ಈಗ ವಾದಕ್ಕೆ ಬರ್ತೀರಿ, ಗೊತ್ತು. 'ಜನ ತುಂಬಿದ್ದು ತಪ್ಪು, ಎತ್ತರದ್ದೇನು ತಪ್ಪು?' ಒಪ್ತೀನಿ, ಜನ ತುಂಬಿದ್ದು ಮೊದಲ ತಪ್ಪು. ಮಳೆ, ಕೆಸರು, ಎದುರಿಗೆ ಬಂದ ಗಾಡಿ ಎಲ್ಲವೂ ಸೇರಿವೆ. ಆದರೆ ಕಾಗದದ ಮೇಲೆ ಒಂದು ಲೆಕ್ಕ ಹಾಕಿ. ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವೆ 56 ಇಂಚು ಇದೆ ಅಂತಿಟ್ಟುಕೊಳ್ಳಿ, ಅರ್ಧ 28. ಗಾಡಿಯ ಭಾರದ ನಡುಬಿಂದು ನೆಲದಿಂದ 36 ಇಂಚು ಮೇಲಿದ್ದರೆ, ಅದು ಸುಮಾರು 38 ಡಿಗ್ರಿ ವಾಲೋವರೆಗೂ ಉರುಳಲ್ಲ. ತೊಟ್ಟಿಯಲ್ಲಿ ಜನ ನಿಂತು ಆ ಬಿಂದು 44 ಇಂಚಿಗೆ ಹೋದರೆ 32ರ ಆಸುಪಾಸಿಗೆ ಇಳಿಯುತ್ತೆ. ಅದರ ಮೇಲೆ ನಿಮ್ಮ ನಾಲ್ಕಿಂಚು ಸೇರಿಸಿ, 48 ಆದರೆ 30. ಇದು ನಿಂತ ಗಾಡಿಯ ಲೆಕ್ಕ. ತಿರುವು, ವೇಗ, ಒಂದು ಕಡೆ ಕುಸಿಯೋ ಏರಿ, ಭಯಕ್ಕೆ ಒಂದೇ ಪಕ್ಕಕ್ಕೆ ಸರಿಯೋ ಹದಿನಾಲ್ಕು ಜನ, ಇವೆಲ್ಲ ಸೇರಿದರೆ ಇನ್ನೂ ಎಷ್ಟು ಇಳಿಯುತ್ತೋ ನೀವೇ ಊಹಿಸಿ. ಜನ ತುಂಬೋದು ನಮ್ಮೂರಲ್ಲಿ ನಾಳೆಯೇ ನಿಲ್ಲಲ್ಲ. ಹಂಗಿದ್ದ ಮೇಲೆ ಜನ ಕೂರೋ ಗಾಡಿಯನ್ನ ಇನ್ನೂ ಸುಲಭವಾಗಿ ಉರುಳೋ ಹಾಗೆ ಮಾಡೋದು ಯಾವ ನ್ಯಾಯ?

ಇದನ್ನ ನಮ್ಮ ಹಿರಿಯರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹುಲ್ಲಿನ ಗಾಡಿ ಏರಿ ಮೇಲೆ ಬರುವಾಗ ನಮ್ಮ ತಾತ ಇಳಿದು ಪಕ್ಕದಲ್ಲಿ ನಡೀತಿದ್ದರು, ಎತ್ತಿಗೆ ಬಾರುಕೋಲು ತೋರಿಸ್ತಿರಲಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥ ನೋಡಿದ್ದೀರಲ್ಲ? ಅಷ್ಟು ಎತ್ತರದ ತೇರನ್ನ ಎಷ್ಟು ನಿಧಾನಕ್ಕೆ, ಗಾಲಿಗೆ ಅಡ್ಡಮರ ಕೊಡ್ತಾ, ಹೆಜ್ಜೆ ಹೆಜ್ಜೆಗೆ ನಿಲ್ಲಿಸ್ತಾ ಎಳೀತಾರೆ. ಎತ್ತರವಾದದ್ದು ನಿಧಾನ ಹೋಗಬೇಕು, ಇದು ನಮ್ಮೂರ ಮಕ್ಕಳಿಗೂ ಗೊತ್ತಿರೋ ವಿಷಯ. ನಾವು ಮಾತ್ರ ಗಾಡಿಯನ್ನ ತೇರಿನಷ್ಟು ಎತ್ತರ ಮಾಡಿ ಎಂಬತ್ತರಲ್ಲಿ ಓಡಿಸ್ತೀವಿ. ಅದರ ಮೇಲೆ ದೊಡ್ಡ ಟೈರೂ ಹಾಕಿಸಿದ್ದರೆ ಮೀಟರು ಕೂಡ ಸುಳ್ಳು ಹೇಳುತ್ತೆ. 28 ಇಂಚಿನ ಟೈರು ತೆಗೆದು 31 ಇಂಚಿನದು ಹಾಕಿದರೆ ಮೀಟರು 60 ತೋರಿಸುವಾಗ ಗಾಡಿ 66ರಲ್ಲಿ ಇರುತ್ತೆ.

ಇನ್ನೊಂದು ವಾದ ಇದೆ. 'ನೆರೆ ಬಂದಾಗ ಎತ್ತರದ ಗಾಡಿಯೇ ಬೇಕು.' 2018, 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆ ಮುಳುಗಿದಾಗಿನಿಂದ ಈ ಮಾತು ಶುರುವಾಯ್ತು. ನಿಂತ ನೀರಾದರೆ ಸರಿ, ಇಂಜಿನ್ನು ನಾಲ್ಕಿಂಚು ಮೇಲಿದ್ದರೆ ಅಷ್ಟರಮಟ್ಟಿಗೆ ಉಪಯೋಗ ಇದೆ. ಹರಿಯೋ ನೀರಿಗೆ ನಾಲ್ಕಿಂಚು ಯಾವ ಲೆಕ್ಕ? ತಳದಿಂದ ಎತ್ತಿ ಪಕ್ಕಕ್ಕೆ ತಳ್ಳುತ್ತೆ. ಮುಳುಗಿದ ರಸ್ತೆಗೆ ಇಳಿಯೋ ಧೈರ್ಯ ಕೊಡೋದು ಆ ಎತ್ತರವೇ, ಅದೇ ನನಗೆ ಭಯ.

ಕಾನೂನು ಏನು ಹೇಳುತ್ತೆ ಅಂತಲೂ ನೋಡಿಬಿಡೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಮಾಡಿಕೊಟ್ಟ ವಿವರಕ್ಕೂ ಆರ್.ಸಿ.ಯಲ್ಲಿರೋದಕ್ಕೂ ವ್ಯತ್ಯಾಸ ಬರೋ ಹಾಗೆ ಗಾಡಿಯನ್ನ ಮಾರ್ಪಾಡು ಮಾಡಬಾರದು. ಕೇರಳದಿಂದ ಹೋದ ಒಂದು ಕೇಸಿನಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಅನ್ನೋ ಕಲಂ ಬಂತು. ಒಪ್ಪಿಗೆ ಇಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲಾ ಎರಡೂ. 'ಪ್ರತಿ ಮಾರ್ಪಾಡಿಗೆ' ಅನ್ನೋದನ್ನ ಗಮನಿಸಿ, ಬ್ಲಾಕಿಗೊಂದು, ಪಟ್ಟಿಗೊಂದು, ಶಾಕಲ್ಲಿಗೊಂದು ಅಂತ ಎಣಿಸೋಕೆ ಕೂತರೆ ಗತಿಯೇನು? ಇನ್ನು ವಿಮೆ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿ ಕೂತವರಿಗೆ ಪರಿಹಾರ ಕೊಡೋ ಹೊಣೆ ವಿಮಾ ಕಂಪನಿಯದಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಅಂದರೆ ಆ ಹದಿನಾಲ್ಕು ಜನ ಯಾರ ಲೆಕ್ಕದಲ್ಲೂ ಇಲ್ಲ. ಸಿಕ್ಕಿಬೀಳೋನು ಮಾಲೀಕ, ಮುರಿದುಕೊಳ್ಳೋಳು ಕೂಲಿಯವಳು. ಬಿಲ್ಲಿಲ್ಲದೆ ದುಡ್ಡು ಎಣಿಸಿಕೊಂಡ ಶೆಡ್ಡಿನವನು ಮುಂದಿನ ಗಾಡಿಗೆ ಬ್ಲಾಕು ಕೊಯ್ತಾ ಇರ್ತಾನೆ. ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವಳೊಬ್ಬಳು.

ಹಂಗಾದ್ರೆ ಹಳೇ ಗಾಡಿ ಇಟ್ಟಿರೋನು ಏನು ಮಾಡಬೇಕು? ಬರೀ ಬೈದು ಹೋದರೆ ನಾನೂ ಆ ವಿಡಿಯೋ ಮಾಡಿದವನ ಹಾಗೆಯೇ ಆಗ್ತೀನಿ. ಆ ನಂಜನಗೂಡಿನ ಮೇಸ್ತ್ರಿ ಹೇಳಿದ್ದನ್ನ ಇಲ್ಲಿ ದಾಟಿಸ್ತೀನಿ. ಹಳೇ ಪಿಕಪ್ಪು ತಗ್ಗಾಗಿ ಕಾಣೋದಕ್ಕೆ ಕಾರಣ ಕಂಪನಿ ತಗ್ಗಾಗಿ ಮಾಡಿದ್ದಲ್ಲ, ಇಷ್ಟು ವರ್ಷ ಲೋಡು ಹೊತ್ತು ಕಮಾನಿನ ಬಾಗು ಹೋಗಿರೋದು. ಅದಕ್ಕೆ ಬೇಕಾಗಿರೋದು ಕಳಕೊಂಡ ಎತ್ತರ. ಅದನ್ನ ವಾಪಸ್ ಕೊಡಿ, ಗಾಡಿ ಹೊಸದರ ಹಾಗೆ ನಿಲ್ಲುತ್ತೆ. ಮಟ್ಟವಾದ ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಆಕ್ಸಲ್ ಮೇಲಿಂದ ಚಾಸಿ ತಳಕ್ಕೆ ಎಡಗಡೆ ಎಷ್ಟು, ಬಲಗಡೆ ಎಷ್ಟು ಅಂತ ಟೇಪು ಹಿಡಿದು ಅಳೆಯಿರಿ. ಎರಡಕ್ಕೂ ವ್ಯತ್ಯಾಸ ಇದ್ದರೆ ಒಂದು ಕಡೆ ಕಮಾನು ಸತ್ತಿದೆ. ಬುಶ್ಶು, ಶಾಕಲ್ ಪಿನ್ನು, ಸೆಂಟರ್ ಬೋಲ್ಟು ನೋಡಿ. ಹಳೇ ಪಟ್ಟಿಯನ್ನ ಬೆಂಕಿಗೆ ಹಾಕಿ ಬಡಿದು ಬಾಗಿಸೋರನ್ನ ನಂಬಬೇಡಿ. ಕೆಂಪಗೆ ಕಾಯಿಸಿ ಸುಮ್ಮನೆ ಬಿಟ್ಟರೆ ಉಕ್ಕಿನ ಹದ ಹೋಗುತ್ತೆ, ಆರು ತಿಂಗಳಿಗೆ ಮತ್ತೆ ಕೂರುತ್ತೆ, ಇಲ್ಲಾ ಮುರಿಯುತ್ತೆ. ಪಟ್ಟಿಗೆ ವೆಲ್ಡಿಂಗ್ ಮುಟ್ಟಿಸಲೇಬಾರದು. ಅದೇ ಅಳತೆಯ ಹೊಸ ಸೆಟ್ ಹಾಕಿಸಿ. ಯು ಬೋಲ್ಟು ಒಮ್ಮೆ ಬಿಚ್ಚಿದರೆ ಹೊಸದು ಹಾಕಿ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಆಮೇಲೂ ಕೆಸರಲ್ಲಿ ಹೂತುಕೊಂಡರೆ ಒಳ್ಳೇ ಹಲ್ಲಿನ ಟೈರು ಹಾಕಿ, ಗಾಳಿ ಇಳಿಸಿ, ಲೋಡು ಇಳಿಸಿ. ಕೊನೆಯ ಮಾತು ಯಾರಿಗೂ ಇಷ್ಟ ಆಗಲ್ಲ, ಗೊತ್ತು.

ಎಸ್ಟೇಟಿನವರು, ರ‍್ಯಾಲಿ ಆಡೋರು, ಸ್ವಂತ ಜಮೀನಿನಲ್ಲಿ ಆಟ ಆಡೋರು ಎತ್ತರಿಸಲೇಬೇಕು ಅಂದ್ರೆ ನಾನ್ಯಾರು ಬೇಡ ಅನ್ನೋಕೆ? ಆದರೆ ಪಟ್ಟಿಯ ಜೊತೆ ಶಾಕಬ್ಸಾರ್ಬರ್, ಬ್ರೇಕ್ ಪೈಪು, ಶಾಫ್ಟಿನ ಓರೆ, ಸ್ಟೇರಿಂಗ್ ರಾಡು, ವಾಲ್ವಿನ ಕಡ್ಡಿ ಎಲ್ಲಕ್ಕೂ ಲೆಕ್ಕ ಕೊಡೋ ಮೇಸ್ತ್ರಿ ಹತ್ತಿರ ಹೋಗಿ. ಮುಂದಿನ ಆಕ್ಸಲ್ಲಿಗೆ ಬ್ಲಾಕು ಹಾಕ್ತೀನಿ ಅಂದವನ ಅಂಗಡಿಯಿಂದ ಹಿಂದೆ ತಿರುಗಿ ನೋಡದೆ ಬನ್ನಿ, ಬ್ರೇಕು ಒತ್ತಿದಾಗ ಅದು ಕಿತ್ತುಕೊಂಡು ಬರುತ್ತೆ. ಆ ಗಾಡಿಯಲ್ಲಿ ಮಾತ್ರ ಕೂಲಿ ಜನರನ್ನ ಹತ್ತಿಸಬೇಡಿ.

ಬ್ಲಾಗ್ ಬರೆಯೋ ಗೆಳೆಯರಲ್ಲಿ ಒಂದು ವಿನಂತಿ. ಎತ್ತರಿಸಿದ ಗಾಡಿಯ ಫೋಟೋ ಹಾಕೋದಾದ್ರೆ ಒಂದು ಸಲ ಅದರ ಕೆಳಗೂ ನುಸುಳಿ ಫೋಟೋ ತೆಗೆದು ಹಾಕಿ. ಯಾವ ಪೈಪು ಬದಲಾಯಿಸಿದ್ರಿ, ಯಾವ ಕಡ್ಡಿ ಹೊಂದಿಸಿದ್ರಿ ಬರೀರಿ. ನಾವು ಬರೆದದ್ದನ್ನ ಓದಿ ಹಳ್ಳಿಯಲ್ಲಿ ಕೂತ ಹುಡುಗನೊಬ್ಬ ದುಡ್ಡು ಹೊಂಚಿಕೊಂಡು ಶೆಡ್ಡಿಗೆ ಹೋಗ್ತಾನೆ. ನನ್ನ ತಮ್ಮ ಹೋದ ಹಾಗೆ.

ಬ್ಲಾಕುಗಳನ್ನ ಬಿಚ್ಚಿಸಿದೆವು. ಹೊಸ ಕಮಾನ್ ಸೆಟ್ ಹಾಕಿಸಿ, ಮೊದಲಿನ ಎತ್ತರಕ್ಕೇ ತಂದೆವು. ಆ ಎರಡು ಬ್ಲಾಕು ಈಗ ಚಿಕ್ಕಪ್ಪನ ಮನೆ ಕೊಟ್ಟಿಗೆಯಲ್ಲಿ ಕಲಗಚ್ಚಿನ ಬಾನಿಗೆ ಒತ್ತು ಕೊಟ್ಟುಕೊಂಡು ಕೂತಿವೆ. ಆಸ್ಪತ್ರೆ ಖರ್ಚು ನಾವಿಬ್ಬರೂ ಹಂಚಿಕೊಂಡೆವು, ಕೂಲಿ ಲೆಕ್ಕವನ್ನೂ ಕೊಟ್ಟೆವು. ಅದರಿಂದ ಸರಿಹೋಯ್ತು ಅಂತ ನಾನು ಹೇಳಲ್ಲ. ಆ ಕೈ ಇವತ್ತಿಗೂ ಪೂರ್ತಿ ಮಡಚಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ಆ ಅವ್ವನ ಮನೆಗೆ ಹೋಗಿದ್ದೆ. ಏನು ಮಾತಾಡಬೇಕು ಅಂತ ಗೊತ್ತಾಗದೆ ವಾಲ್ವು, ಬ್ರೇಕು ಅಂತ ಏನೇನೋ ವಿವರಿಸೋಕೆ ಹೋದೆ. ಅವರು ಕೇಳಿಸಿಕೊಂಡು ಆಮೇಲೆ ಅಂದರು.

"ಅದೆಲ್ಲಾ ನಂಗೊತ್ತಿಲ್ಲ ಕಣಪ್ಪ. ಗಾಡಿ ಎತ್ರ ಆದ್ಮೇಲೆ ನಮ್ಗೆ ಹತ್ತಕ್ಕೇ ಆಯ್ತಿರ್ನಿಲ್ಲ. ಒಬ್ರು ಮೇಲಿಂದ ಕೈ ಹಿಡ್ದು ಎಳೀಬೇಕಾಗಿತ್ತು. ಅವತ್ತೇ ಅಂದೆ, ಇದ್ಯಾಕ್ಲಾ ಮಗ ಹಿಂಗ್ ಎತ್ರ ಮಾಡ್ಸಿದ್ದೀಯೆ ಅಂತ. ಯಾರ್ ಕೇಳ್ತಾರೆ ನಮ್ ಮಾತ?"

ಇಷ್ಟೇ ವಿಷಯ. ನೀವೇನಂತೀರಿ? ಬೈಯೋದಿದ್ದರೆ ಧಾರಾಳವಾಗಿ ಬೈಯಿರಿ.